ವಾಸನೆ ಇದೆಯಾ ನೋಡು

ಕಂಪಲಾಪುರದ ಸುತ್ತಮುತ್ತ ಕಾರು ಕೈಕೊಟ್ಟರೆ ಜನ ‘ಮೂಗಿನವರ ಹತ್ತಿರ ತೋರಿಸಿ’ ಅನ್ನುತ್ತಿದ್ದರು. ಆ ಮೂಗು ವಿರೂಪಾಕ್ಷನದು. ಹುಣಸೂರು-ಪಿರಿಯಾಪಟ್ಟಣ ರಸ್ತೆಯ ಪಕ್ಕ, ಕಂಠಪ್ಪನ ಹೋಟೆಲಿನ ಎದುರಿಗೆ, ತಗಡಿನ ಗ್ಯಾರೇಜು ಹಾಕಿಕೊಂಡು ಅವನು ಇಪ್ಪತ್ತೆಂಟು ವರ್ಷ ಕಳೆದಿದ್ದ. ಗಾಡಿ ಬಂದು ನಿಂತರೆ ಬಾನೆಟ್ ಎತ್ತುವ ಮೊದಲು ಒಂದು ಸುತ್ತು ಬರುತ್ತಿದ್ದ, ಎರಡು ಸಲ ಮೂಸುತ್ತಿದ್ದ, ‘ಕ್ಲಚ್ಚು ಸುಟ್ಟದೆ’ ಎಂದೋ ‘ಎಲ್ಲೋ ವೈರು ಕಾಯ್ತಾ ಅದೆ’ ಎಂದೋ ಹೇಳಿಬಿಡುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಕೆ.ಆರ್. ನಗರದಿಂದ, ಎಚ್.ಡಿ. ಕೋಟೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು.

ಆ ಮೂಗು ಸತ್ತು ಮೂರು ವರ್ಷವಾಗಿತ್ತು.

ಕೊರೊನಾ ಎರಡನೇ ಸಲ ಬಂದಾಗ ಊರಿನಲ್ಲಿ ಅರ್ಧ ಜನಕ್ಕೆ ವಾಸನೆ ಹೋಯಿತು. ಹದಿನೈದು ದಿನಕ್ಕೋ ತಿಂಗಳಿಗೋ ಎಲ್ಲರಿಗೂ ವಾಪಸು ಬಂತು. ವಿರೂಪಾಕ್ಷನಿಗೆ ಬರಲಿಲ್ಲ. ನಾಳೆ ಬಂದೀತು, ನಾಡಿದ್ದು ಬಂದೀತು ಎಂದು ಬೆಳಿಗ್ಗೆ ಎದ್ದ ತಕ್ಷಣ ವಿಭೂತಿ ಗಟ್ಟಿಯನ್ನು ಮೂಗಿಗೆ ಹಿಡಿದು ನೋಡುತ್ತಿದ್ದ. ಮಣ್ಣಿಗೂ ಅದಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮೈಸೂರಿನ ಡಾಕ್ಟರು ‘ಕಾಯಬೇಕು’ ಅಂದರು. ಅವರಿಗೇನು, ಅವರು ಕಾಯಬಲ್ಲರು! ಮೂಗನ್ನೇ ನಂಬಿ ಅನ್ನ ತಿನ್ನುವವನು, ನನ್ನ ಮೂಗು ಹೋಯಿತು ಎಂದು ಯಾರ ಮುಂದೆ ಹೇಳಿಕೊಂಡಾನು? ಹೆಂಡತಿ ಮಂಗಳಗೌರಿಯೊಬ್ಬಳಿಗೆ ಹೇಳಿದ. ಮಿಕ್ಕವರ ಮುಂದೆ ಮೊದಲಿನ ಹಾಗೆಯೇ ಗಾಡಿ ಸುತ್ತ ಸುತ್ತು ಹಾಕಿ ಸುಮ್ಮಸುಮ್ಮನೆ ಮೂಸುತ್ತಿದ್ದ.

ಡೀಸೆಲ್ ಗಾಡಿಗೆ ಕಣ್ಣು, ಕಿವಿ, ಬೆರಳು ಸಾಕಾಗುತ್ತಿದ್ದವು. ಪೆಟ್ರೋಲ್ ಗಾಡಿಗೆ ಮಾತ್ರ ಮೂಗು ಬೇಕೇ ಬೇಕಿತ್ತು. ಅದಕ್ಕೊಂದು ಉಪಾಯ ಮಾಡಿಕೊಂಡಿದ್ದ. ಹಿಂದೆಯೇ ಮನೆ, ಕೂಗು ಹಾಕಿದರೆ ಮಂಗಳಗೌರಿ ಕಾಫಿ ಹಿಡಿದು ಬರುತ್ತಿದ್ದಳು. ಕಾರಿನ ಪಕ್ಕ ನಿಂತು ಲೋಟ ಕೊಡುತ್ತಾ ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡರೆ ಪೆಟ್ರೋಲ್ ವಾಸನೆ ಇದೆ ಎಂದು ಅರ್ಥ. ಸುಮ್ಮನೆ ಲೋಟ ಕೊಟ್ಟು ಹೋದರೆ ಏನೂ ಇಲ್ಲ. ಗಿರಾಕಿಗಳು, ಆಹಾ, ಈ ವಯಸ್ಸಿನಲ್ಲೂ ಗಂಡನ ಮೇಲೆ ಎಂಥ ಅಕ್ಕರೆ ಅಂದುಕೊಳ್ಳುತ್ತಿದ್ದರು. ಅವಳಿಗೋ ಮೈಯೆಲ್ಲ ಉರಿ. “ಎಷ್ಟು ದಿನ ರೀ ಈ ನಾಟ್ಕ? ಒಂದಿನ ಏಳ್ಬುಡಿ. ಜನ ಏನು ನಿಮ್ಮ ಮೂಗು ಕುಯ್ಕೊಂಡು ಓಯ್ತಾರಾ?” ಎಂದು ಗದರುತ್ತಿದ್ದಳು. ಅವನು ಲೋಟ ಖಾಲಿ ಮಾಡಿ ಬಾನೆಟ್ಟಿನೊಳಕ್ಕೆ ತಲೆ ಹಾಕುತ್ತಿದ್ದ.

ಹೆದರಿಕೆ ಮನೆಯೊಳಕ್ಕೂ ಬಂದಿತ್ತು. ಮಂಗಳಗೌರಿ ಊರಿಗೆ ಹೋದ ದಿನ ಅವನು ಗ್ಯಾಸ್ ಒಲೆ ಹಚ್ಚುತ್ತಿರಲಿಲ್ಲ. ಸಿಲಿಂಡರಿನ ಬಾಯಿಗೆ ಸೋಪಿನ ನೊರೆ ಬಳಿದು ಗುಳ್ಳೆ ಏಳುತ್ತದೋ ಎಂದು ಮೂರು ಸಲ ನೋಡಿ, ಆಮೇಲೂ ಧೈರ್ಯ ಸಾಲದೆ ಕಂಠಪ್ಪನ ಹೋಟೆಲಿನಲ್ಲಿ ಇಡ್ಲಿ ತಿಂದು ಬರುತ್ತಿದ್ದ.

ಈ ವರ್ಷ ಶ್ರಾವಣದಲ್ಲಿ ಅವಳು ಅಕ್ಕನ ಮೊಮ್ಮಗುವಿನ ನಾಮಕರಣಕ್ಕೆಂದು ಹೊಸ ಅಗ್ರಹಾರಕ್ಕೆ ಹೊರಟಳು. ಬಸ್ಸು ಹತ್ತುವ ಮುಂಚೆ, “ನಾನು ಬರೋಗಂಟ ಪೆಟ್ರೋಲ್ ಗಾಡಿ ಮುಟ್ಬೇಡಿ. ಆಣೆ ಮಾಡಿ” ಅಂದಳು. ಅವನು ತಲೆಯಾಡಿಸಿದ. ಆಣೆ ಮಾಡಲಿಲ್ಲ.

ಮಾರನೆಯ ದಿನ ಹನ್ನೊಂದು ಗಂಟೆಗೆ ಬಸವಪ್ರಸಾದ ತನ್ನ ಹಳೆಯ ಬಿಳಿ ಮಾರುತಿ ಕಾರು ತಂದು ನಿಲ್ಲಿಸಿದ. ಆರು ಮೈಲಿ ಆಚೆ ಹೊಗೆಸೊಪ್ಪು ಬೆಳೆಯುವ ರೈತ, ಮೂವತ್ತೈದರ ಪ್ರಾಯ. ಕಾರಿಗೆ ಇಪ್ಪತ್ತೆರಡು ವರ್ಷ. ಬಸವಪ್ರಸಾದನ ಕಣ್ಣು ಕೆಂಪಗೆ ಊದಿಕೊಂಡಿದ್ದವು, ಗಂಟಲು ಕಟ್ಟಿತ್ತು. ಸೊಪ್ಪು ಬೇಯಿಸುವ ಕಾಲ, ನಿದ್ದೆಗೆಟ್ಟಿದ್ದಾನೆ ಎಂದುಕೊಂಡ ವಿರೂಪಾಕ್ಷ.

“ವಿರೂಪಾಕ್ಷಣ್ಣ, ಕಾರಲ್ಲಿ ಪೆಟ್ರೋಲ್ ವಾಸ್ನೆ ಅಂತ ಮನೇಲಿ ಒಂದೇ ಸಮ ಗಲಾಟೆ. ಪಿರಿಯಾಪಟ್ಣದಲ್ಲಿ ತೋರ್ಸುದ್ರೆ ಗೊತ್ತಾಗ್ಲಿಲ್ಲ. ಕೊನೆಗೆ ಅವ್ರೇ ಅಂದ್ರು, ಮೂಗಿನವ್ರ ತಾವ್ಕೆ ಓಗಪ್ಪ ಅಂತ.”

ನಾಳೆ ಬಾ ಅಂದಿದ್ದರೆ ಮುಗಿದು ಹೋಗುತ್ತಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಬೇರೆಯವರಿಗೆ ಗೊತ್ತಾಗದ್ದು ಇವನಿಗೆ ಗೊತ್ತಾಗುತ್ತದೆ ಅನ್ನುವ ಮಾತು ಕಿವಿಗೆ ಬಿತ್ತಲ್ಲ, ಆ ಹಾಳು ಹೊಗಳಿಕೆಗೆ ಮನುಷ್ಯ ಉಬ್ಬಿದ. “ಬುಡು ನೋಡನ” ಅಂದ.

ಟ್ಯಾಂಕಿನಲ್ಲಿ ಪೆಟ್ರೋಲು ಸುಮ್ಮನೆ ಕೂತಿರುವುದಿಲ್ಲ, ಆವಿಯಾಗುತ್ತಲೇ ಇರುತ್ತದೆ. ಆ ಆವಿ ಹೊರಗೆ ಬರದ ಹಾಗೆ ಬೆರಳು ಗಾತ್ರದ ರಬ್ಬರ್ ಪೈಪುಗಳು ಅದನ್ನು ಮುಂದಕ್ಕೆ ಒಯ್ದು ಇದ್ದಿಲು ತುಂಬಿದ ಡಬ್ಬಿಗೆ ಸೇರಿಸುತ್ತವೆ. ಡಬ್ಬಿಯಿಂದ ಇಂಜಿನ್ನಿಗೆ ಹೋಗಿ ಉರಿದು ಹೋಗುತ್ತದೆ. ವರ್ಷ ಕಳೆದಂತೆ ಆ ರಬ್ಬರು ಸಾಯುತ್ತದೆ. ಕೆಲವು ಗಟ್ಟಿಯಾಗಿ ಸೀಳುತ್ತವೆ, ಕೆಲವು ಅಂಟಂಟಾಗಿ ಊದಿಕೊಳ್ಳುತ್ತವೆ. ಮುಕ್ಕಾಲು ಪಾಲು ಕೆಡುವುದು ಕ್ಲಿಪ್ಪು ಬಿಗಿದ ತುದಿಯಲ್ಲಿ.

ವಿರೂಪಾಕ್ಷ ಬಾನೆಟ್ ಎತ್ತಿ ಒಂದೊಂದೇ ಪೈಪನ್ನು ಹಿಸುಕಿದ, ಬಗ್ಗಿಸಿದ. ಡಬ್ಬಿಯ ಹತ್ತಿರದ್ದು ಬಗ್ಗಿಸಿದ ಕೂಡಲೇ ಬಾಯಿ ಬಿಟ್ಟಿತು. ಇಂಜಿನ್ನಿಗೆ ಹೋಗುವುದು ಮೆತ್ತಗೆ ಹಲಸಿನ ತೊಳೆಯ ಹಾಗಾಗಿತ್ತು. ಎರಡನ್ನೂ ಕಿತ್ತು, ಪೆಟ್ರೋಲಿಗೆಂದೇ ಬರುವ ಹೊಸ ಪೈಪು ಅಳತೆಗೆ ಕತ್ತರಿಸಿ ಹಾಕಿದ, ಹೊಸ ಕ್ಲಿಪ್ಪು ಬಿಗಿದ. ಆಮೇಲೆ ಟ್ಯಾಂಕಿನ ಕಡೆ ಬಂದ. ಟ್ಯಾಂಕಿನ ತಲೆಯ ಮೇಲೆ, ಹಿಂದಿನ ಸೀಟಿನ ಕೆಳಗೆ, ಒಂದು ಗೇಣುದ್ದದ ಪೈಪು ಇರುತ್ತದೆ. ಅದನ್ನು ನೋಡಬೇಕೆಂದರೆ ಸೀಟು ಎತ್ತಬೇಕು. ಸೀಟಿನ ಮೇಲೆ ಹಾಸಿಗೆ ಸುರುಳಿ, ದಿಂಬು, ಕಂಬಳಿ, ಮಗುವಿನ ಪುಸ್ತಕದ ಚೀಲ ಹೇರಿಕೊಂಡಿದ್ದವು. ಹೊರಗಿನಿಂದಲೇ, ಕಾರಿನಡಿಯಿಂದ ಕೈ ತೂರಿಸಿ ತಡವಿದ. ಕೈಗೆ ನುಣ್ಣಗೆ ಸಿಕ್ಕಿತು. ಸೀಳಿಲ್ಲ, ಅಂಟಿಲ್ಲ. ಯಾರೋ ಇತ್ತೀಚೆಗೆ ಬದಲಾಯಿಸಿದ್ದಾರೆ ಎಂದುಕೊಂಡು ಕೈ ಎಳೆದುಕೊಂಡ.

ಆದರೂ ಎದೆಯಲ್ಲಿ ಅನುಮಾನ ಕೊರೆಯುತ್ತಿತ್ತು. ಸೆರಗು ಒತ್ತಿಕೊಂಡು ಹೇಳಲು ಮಂಗಳಗೌರಿ ಇಲ್ಲ. ಕಂಠಪ್ಪನನ್ನು ಕರೆಯೋಣವೆಂದರೆ, ಆ ಬಾಯಿಬಡುಕ ಸಂಜೆಯೊಳಗೆ ಊರಿಗೆಲ್ಲ ಸಾರುತ್ತಾನೆ. ಕೈ ಒರೆಸಿಕೊಳ್ಳುತ್ತಾ, ಏನೂ ಆಗದವನ ಹಾಗೆ, “ಪ್ರಸಾದ, ನಿನ್ನ ಸಮಾಧಾನಕ್ಕೆ ಒಂದ್ಸಲ ನೀನೇ ಮೂಗಿಟ್ಟು ನೋಡಪ್ಪ. ವಾಸ್ನೆ ಅದಾ?” ಅಂದ.

ಬಸವಪ್ರಸಾದ ಬಾಗಿಲಿನೊಳಕ್ಕೆ ತಲೆ ಹಾಕಿ ಎರಡು ಸಲ ಜೋರಾಗಿ ಉಸಿರೆಳೆದ. “ಏನೂ ಇಲ್ಲ ಕಣಣ್ಣ! ಅದ್ಕೇ ನಿಮ್ಮ ತಾವ್ಕೆ ಬರೋದು.”

ವಿರೂಪಾಕ್ಷನಿಗೆ ಹೋದ ಜೀವ ಬಂದಂತಾಯಿತು. “ಇನ್ನು ವಾಸ್ನೆ ಇಲ್ಲ, ಓಗಪ್ಪ” ಅಂದ. ಬಸವಪ್ರಸಾದ ಖುಷಿಯಲ್ಲಿ, ಟ್ಯಾಂಕು ಫುಲ್ ಮಾಡಿಸಿಕೊಂಡು ಹೋಗುತ್ತೇನೆ, ಸೊಪ್ಪು ಬೇಯಿಸುವ ಬ್ಯಾರನ್ ಪಕ್ಕದ ಚಪ್ಪರದಲ್ಲಿ ಕಾರು ನಿಲ್ಲಿಸಿಕೊಂಡು ಅದರಲ್ಲೇ ಮಲಗಿ ಒಲೆ ಕಾಯುತ್ತಿದ್ದೇನೆ, ಮಗಳು ಪುಟ್ಟಿಯೂ ಶಾಲೆ ಬಿಟ್ಟ ಮೇಲೆ ಅಲ್ಲೇ ಬೆಚ್ಚಗೆ ಕೂತು ಓದಿಕೊಳ್ಳುತ್ತಾಳೆ ಎಂದೆಲ್ಲ ಹೇಳಿ ಹೊರಟ. ವಿರೂಪಾಕ್ಷ ನಗುತ್ತಲೇ ಕೈ ಬೀಸಿದ.

ನಾಲ್ಕೂವರೆಗೆ ಕಾಫಿ ಕುಡಿಯಲು ಎದುರಿಗೆ ಹೋದರೆ, ಕಂಠಪ್ಪ ಲೋಟ ಇಡುತ್ತಾ, “ಏನ್ರಣ್ಣ, ಮಧ್ಯಾಹ್ನ ಪೆಟ್ರೋಲ್ ಚೆಲ್ಬುಟ್ಟಿದ್ರಾ? ಇಲ್ಲೀಗಂಟ ಗಬ್ಬು. ಊಟಕ್ಕೆ ಕುಂತವ್ರೆಲ್ಲ ಮೂಗು ಮುಚ್ಕೊಂಡ್ರು. ಆ ಬಿಳೀ ಕಾರು ಓಯ್ತು ನೋಡಿ, ಆಮ್ಯಾಕೆ ನಿಂತೋಯ್ತು” ಅಂದ.

ಲೋಟ ಕೈಯಲ್ಲೇ ಉಳಿಯಿತು. ಕಾರಿನೊಳಕ್ಕೆ ತಲೆ ಹಾಕಿದವನಿಗೆ ಬರದ ವಾಸನೆ ರಸ್ತೆ ದಾಟಿ ಹೋಟೆಲಿಗೆ ಬಂದಿತೇ? ಆಗ ಬಸವಪ್ರಸಾದನ ಕೆಂಪು ಕಣ್ಣು, ಕಟ್ಟಿದ ಗಂಟಲು ಅವನ ಕಣ್ಣ ಮುಂದೆ ಬಂದವು. ಒಂದು ವಾರದಿಂದ ಒಲೆಯ ಮುಂದೆ ಕೂತು ಹೊಗೆ ಕುಡಿದವನಿಗೆ, ಹೊಗೆಸೊಪ್ಪಿನ ಘಾಟಿನಲ್ಲೇ ಮಲಗಿ ಎದ್ದವನಿಗೆ, ಮೂಗು ಎಲ್ಲಿರುತ್ತದೆ? ಬಂದಾಗ ಅವನು ಏನಂದ? ‘ಮನೇಲಿ ಗಲಾಟೆ’ ಅಂದ. ತನಗೆ ವಾಸನೆ ಬರುತ್ತದೆ ಎಂದು ಒಂದು ಸಲವೂ ಅನ್ನಲಿಲ್ಲ. ಮೂಗಿಲ್ಲದವನು ಮೂಗಿಲ್ಲದವನ ಹತ್ತಿರ ಸಾಕ್ಷಿ ಕೇಳಿದ್ದ!

ಫುಲ್ ಟ್ಯಾಂಕು. ಹತ್ತು ಹೆಜ್ಜೆಗೆ ಹಗಲೂ ರಾತ್ರಿ ಉರಿಯುವ ಒಲೆ. ಪೆಟ್ರೋಲಿನ ಆವಿ ಮೇಲಕ್ಕೆ ಹೋಗುವುದಿಲ್ಲ, ಭಾರ ಹೆಚ್ಚು, ನೆಲ ಹಿಡಿದು ಹರಿಯುತ್ತದೆ. ಬ್ಯಾರನ್ ಒಲೆಯ ಬಾಯಿ ಇರುವುದೂ ನೆಲಮಟ್ಟದಲ್ಲೇ. ಮತ್ತು ಕಾರಿನೊಳಗೆ ಮಗು. ಅಲ್ಲಿಂದ ಮುಂದಕ್ಕೆ ಯೋಚಿಸಲು ಅವನಿಗೆ ಆಗಲಿಲ್ಲ.

ಫೋನು ಮಾಡಿದ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಮಾಡಿದ. ಮೂರನೆಯ ಸಲಕ್ಕೂ ಯಾರೂ ಎತ್ತಲಿಲ್ಲ. ಹೊಸ ಪೈಪಿನ ಸುರುಳಿ, ಚಾಕು, ಸ್ಕ್ರೂಡ್ರೈವರು ಚೀಲಕ್ಕೆ ತುರುಕಿ ಬೈಕು ಹತ್ತಿದ. ಗ್ಯಾರೇಜಿಗೆ ಬೀಗ ಹಾಕಲೂ ಇಲ್ಲ.

ಸೋನೆ ಹಿಡಿದಿತ್ತು. ರಸ್ತೆಯ ಎರಡೂ ಕಡೆ ಹೊಲ, ಹೊಲದ ಮಧ್ಯೆ ಬ್ಯಾರನ್‌ಗಳು. ಸೊಪ್ಪು ತೂಗುಹಾಕಿ ಬೇಯಿಸುವ ಎತ್ತರದ ಇಟ್ಟಿಗೆ ಕೋಣೆಗಳು. ಒಂದೊಂದರ ನೆತ್ತಿಯಿಂದಲೂ ಹೊಗೆ ಏಳುತ್ತಿತ್ತು. ಬೇರೆ ಊರಾಗಿದ್ದರೆ ದೂರದಿಂದ ಹೊಗೆ ಕಂಡರೆ ಬೆಂಕಿ ಬಿದ್ದಿದೆ ಎಂದು ತಿಳಿಯಬಹುದಿತ್ತು. ಇಲ್ಲಿ ಎತ್ತ ನೋಡಿದರೂ ಹೊಗೆಯೇ. ಆ ತಿರುವಿನಾಚೆ ಕಪ್ಪಗೆ ಎದ್ದದ್ದು ಹಸಿ ಸೌದೆಯದೋ, ಟೈರಿನದೋ? ಅವನಿಗೆ ತಿಳಿಯಲಿಲ್ಲ. ಗಾಳಿ ಮೂಗಿಗೆ ಹೊಡೆಯುತ್ತಿತ್ತು, ತಣ್ಣಗೆ, ಬರೀ ತಣ್ಣಗೆ. “ಶಿವನೇ, ನನ್ನ ಮಾನ ಓದ್ರೂ ಓಗ್ಲಿ, ಆ ಕೂಸಿಗೇನೂ ಆಗ್ದಿರ್ಲಪ್ಪ” ಎಂದು ಬಾಯಿಬಿಟ್ಟೇ ಬೇಡಿಕೊಂಡ. ಮಳೆನೀರಿನಲ್ಲಿ ಬೈಕು ಎರಡು ಸಲ ಜಾರಿತು. ಅವನು ವೇಗ ಇಳಿಸಲಿಲ್ಲ.

ಬಸವಪ್ರಸಾದನ ಹೊಲದ ತಿರುವಿಗೆ ಬಂದಾಗ ಮೊದಲು ಕಂಡದ್ದು ಬಿಳಿ ಕಾರು, ತಡಿಕೆ ಚಪ್ಪರದಡಿ ಹಾಗೇ ನಿಂತಿತ್ತು. ಹಿಂದಿನ ಗಾಜಿನಲ್ಲಿ ಎರಡು ಜಡೆಯ ಒಂದು ತಲೆ ಬಾಗಿಲಿಗೆ ಒರಗಿತ್ತು. ಇತ್ತ ಬಸವಪ್ರಸಾದ ಉದ್ದನೆಯ ಸೌದೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಒಲೆಯ ತಗಡಿನ ಬಾಗಿಲಿಗೆ ಕೈ ಹಾಕುತ್ತಿದ್ದ.

“ಒಲೆ ಬಾಗ್ಲು ತೆಗೀಬ್ಯಾಡ ಕಣೋ! ಬ್ಯಾಡ!” ಎಂದು ವಿರೂಪಾಕ್ಷ ಕಿರುಚಿದ. ಬೈಕು ದೂರದಲ್ಲೇ ಬಿದ್ದುಕೊಂಡಿತು. ಅವನು ಓಡಿ ಬಂದು ಕಾರಿನ ಬಾಗಿಲೆಳೆದು ಪುಟ್ಟಿಯನ್ನು ಎತ್ತಿಕೊಂಡ. ಏಳೆಂಟು ವರ್ಷದ ಹುಡುಗಿ, ಕಣ್ಣು ಅರೆ ಮುಚ್ಚಿತ್ತು. “ಪುಟ್ಟೀ! ಪುಟ್ಟವ್ವ! ಮಾತಾಡವ್ವ!”

“ತಲೆನೋವು ಮಾವ” ಅಂದಳು ಹುಡುಗಿ. “ವಾಂತಿ ಬರಂಗಾಯ್ತದೆ. ಪೆಟ್ರೋಲ್ ವಾಸ್ನೆ.”

ಕೊಟ್ಟಿಗೆಯಿಂದ ಬಸವಪ್ರಸಾದನ ತಾಯಿ ಸುನಂದಮ್ಮ ಓಡಿ ಬಂದರು. ಹತ್ತಿರ ಬರುತ್ತಲೇ ಮೂಗಿಗೆ ಸೆರಗು ಒತ್ತಿಕೊಂಡರು. “ಅಯ್ಯೋ ಶಿವನೇ, ಇದೇನ್ಲಾ ಪ್ರಸಾದ ಈ ಪಾಟಿ ನಾತ! ನಿಂಗೆ ಮೂಗಿಲ್ವೇನ್ಲಾ?”

ಕೀ ತಿರುಗಿಸುವ ಹಾಗಿರಲಿಲ್ಲ; ಒಂದು ಕಿಡಿ ಸಾಕಿತ್ತು. ಒಲೆ ಆರಿಸೋಣವೆಂದರೆ ಒಳಗೆ ಕೆಂಡ, ನೀರು ಹಾಕಬೇಕೆಂದರೆ ಬಾಗಿಲು ತೆರೆಯಬೇಕು. ಕಾರನ್ನೇ ತಳ್ಳಬೇಕು. ಪುಟ್ಟಿಯನ್ನು ದೂರದ ಬದುವಿನ ಮೇಲೆ ಕೂರಿಸಿ ಮೂವರೂ ಹಿಂದಿನಿಂದ ಭುಜ ಕೊಟ್ಟರು. ಚಕ್ರ ಕೆಸರಿನಲ್ಲಿ ಹೂತಿತ್ತು. ಗಾಳಿ ಕಾರಿನ ಕಡೆಯಿಂದ ಒಲೆಯ ಕಡೆಗೇ ಬೀಸುತ್ತಿತ್ತು. ತಗಡಿನ ಸಂದಿಯಲ್ಲಿ ಕೆಂಪಗೆ ಉರಿ ಕಾಣುತ್ತಿತ್ತು. ಆವಿ ಎಲ್ಲಿಯವರೆಗೆ ಹರಿದಿದೆ, ಕಾಲ ಬುಡದಲ್ಲಿದೆಯೋ, ಒಲೆಯ ಹೊಸ್ತಿಲಿಗೆ ಮುಟ್ಟಿದೆಯೋ? ಮಿಕ್ಕ ಯಾರಿಗಾದರೂ ಒಂದಿಷ್ಟು ಅಂದಾಜಾದರೂ ಸಿಗುತ್ತಿತ್ತು. ವಿರೂಪಾಕ್ಷನಿಗೆ ಅದೂ ಇಲ್ಲ. ಈಗ ಹೊತ್ತುತ್ತದೆ, ಈಗ ಹೊತ್ತುತ್ತದೆ ಎಂದು ಬೆನ್ನು ಜುಮ್ಮೆನ್ನುತ್ತಿತ್ತು. “ಶಿವಾ ಅಂತ ನೂಕ್ರವ್ವ!” ಎಂದು ಕೂಗಿದ. ಮೂರನೆಯ ಸಲಕ್ಕೆ ಚಕ್ರ ಅಲ್ಲಾಡಿತು. ನಾಲ್ಕನೆಯ ಸಲಕ್ಕೆ ಕಾರು ಕೆಸರು ಬಿಟ್ಟು ಎದ್ದು ಇಳಿಜಾರು ಹಿಡಿದು, ಸೊಪ್ಪು ಕೊಯ್ದ ಹೊಲದ ಮಧ್ಯಕ್ಕೆ ಹೋಗಿ ನಿಂತಿತು.

ನಾಲ್ಕೂ ಬಾಗಿಲು ತೆರೆದಿಟ್ಟು ಗಾಳಿಯಾಡಲು ಬಿಟ್ಟು, ಆಮೇಲೆ ವಿರೂಪಾಕ್ಷ ಹಾಸಿಗೆ, ದಿಂಬು ಎಲ್ಲ ಕೆಳಗೆಸೆದು ಹಿಂದಿನ ಸೀಟು ಎತ್ತಿದ. ಟ್ಯಾಂಕಿನ ತಲೆಯ ಮೇಲೆ ಕಪ್ಪಗೆ ಗೇಣುದ್ದದ ಪೈಪು. ಕೆಳಮೈ ನುಣ್ಣಗೆ, ಅವನು ತಡವಿದ್ದು ಅದನ್ನೇ. ಮೇಲ್ಮೈಯಲ್ಲಿ ಮಾತ್ರ ಒಂದು ಬೆರಳುದ್ದ ಸೀಳು, ಅದರ ಸುತ್ತ ಪೆಟ್ರೋಲು ಒಸರಿ ತೇವವಾಗಿತ್ತು. ಕಿತ್ತು ಕೈಗೆ ತೆಗೆದುಕೊಂಡು ಬಗ್ಗಿಸಿದರೆ ಒಣಕಡ್ಡಿಯ ಹಾಗೆ ಲಟಕ್ಕೆಂದು ಮುರಿಯಿತು. ಅದು ಪೆಟ್ರೋಲಿನ ಪೈಪೇ ಅಲ್ಲ. ಹೊಲಕ್ಕೆ ಹನಿ ನೀರು ಬಿಡುವ ಡ್ರಿಪ್ ಪೈಪು.

ಬಸವಪ್ರಸಾದನ ಮುಖ ಸಪ್ಪಗಾಯಿತು. “ಅಯ್ಯೋ... ಓದೊರ್ಸ ಇದು ಕಿತ್ತೋಗಿತ್ತು ಕಣಣ್ಣ. ಒಲದಲ್ಲಿ ಮಿಕ್ಕಿದ್ದ ತುಂಡು ಅಳ್ತೆಗೆ ಸರಿಯಾಗ್ತದೆ ಅಂತ ನಾನೇ ಆಕ್ದೆ. ಮರ್ತೇ ಓಗಿತ್ತು.” ಅವನು ತಲೆಗೆ ಕೈ ಹೊತ್ತುಕೊಂಡು ಕೂತ. “ತಪ್ಪೆಲ್ಲ ನಂದೇ. ನೀವು ಓಡ್ಬರ್ದೇ ಇದ್ದಿದ್ರೆ ನನ್ನ ಮಗಳು...”

“ದೇವ್ರಂಗೆ ಬಂದ್ಯಲ್ಲಪ್ಪ ಇರೂಪಾಕ್ಷಪ್ಪ!” ಎಂದು ಸುನಂದಮ್ಮ ಕೈಮುಗಿದರು. “ಆರು ಮೈಲಿ ದೂರ್ದಿಂದ್ಲೇ ನಿನ್ನ ಮೂಗಿಗೆ ಗೊತ್ತಾಯ್ತಲ್ಲ!”

ನೋಡಿ, ಮನುಷ್ಯನ ಮನಸ್ಸು ಎಂಥದ್ದು. ಸ್ವಲ್ಪ ಹೊತ್ತಿನ ಹಿಂದೆ ಮಾನ ಹೋದರೂ ಸರಿ ಎಂದು ಶಿವನಿಗೆ ಮೊರೆಯಿಟ್ಟವನು, ಆ ಮಾತು ಕೇಳಿ ಸುಮ್ಮನಿದ್ದುಬಿಟ್ಟ. ತಪ್ಪು ತನ್ನದಲ್ಲ ಎಂದು ಅವರೇ ಹೇಳುತ್ತಿದ್ದಾರೆ. ಹೊಸ ಪೈಪು ಹಾಕಿ ಹೊರಟರೆ ಯಾರಿಗೂ ತಿಳಿಯುವುದಿಲ್ಲ. ಅವನು ತಲೆ ತಗ್ಗಿಸಿ ಪೈಪು ಕತ್ತರಿಸಿದ, ಎರಡೂ ತುದಿ ಕೂರಿಸಿದ, ಕ್ಲಿಪ್ಪು ಬಿಗಿದ.

ಅಷ್ಟರಲ್ಲಿ ಪುಟ್ಟಿ ಬದುವಿನಿಂದ ಎದ್ದು ಬಂದು ಅಪ್ಪನ ಪಕ್ಕ ನಿಂತಳು. ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. “ಅಂಗಾರೆ ನಾನು ಸುಳ್ಳು ಏಳ್ನಿಲ್ಲ ಅಲ್ವಾ ಅಪ್ಪಯ್ಯ?” ಅಂದಳು.

ಬಸವಪ್ರಸಾದ ಮುಖ ತಿರುಗಿಸಿಕೊಂಡ. ಪುಟ್ಟಿ ವಿರೂಪಾಕ್ಷನ ಕಡೆ ತಿರುಗಿದಳು. “ಇಸ್ಕೂಲಿಂದ ಬಂದಾಗ್ಲೇ ವಾಸ್ನೆ ಅಂದೆ ಮಾವ. ನೀವು ನೋಡಿ ವಾಸ್ನೆ ಇಲ್ಲ ಅಂದಿದ್ರಂತೆ. ಓದೋಕೆ ಕಳ್ಳಾಟ ಆಡ್ತೀಯ, ಸುಳ್ಳಿ ಅಂತ ಅಪ್ಪಯ್ಯ ಒಡೀತು. ಬಾಗ್ಲು ಆಕ್ಕೊಂಡು ಕೂತ್ಕೋ ಅಂತು.”

ಹುಡುಗಿಯ ಕೆನ್ನೆಯ ಮೇಲೆ ಬೆರಳಿನ ಗುರುತು ಇನ್ನೂ ಇತ್ತು. ಆ ಹೊಲದಲ್ಲಿ ಎಲ್ಲರಿಗಿಂತ ಮೊದಲು ವಾಸನೆ ಕಂಡುಹಿಡಿದದ್ದು ಅವಳೇ. ಅವಳ ಬಾಯಿ ಮುಚ್ಚಿಸಿದ್ದು ವಿರೂಪಾಕ್ಷನ ಮಾತು. ಸ್ಕ್ರೂಡ್ರೈವರು ಕೆಳಗಿಟ್ಟು ಅವಳ ಮುಂದೆ ಕೆಸರಿನಲ್ಲೇ ಕುಕ್ಕರಗಾಲಲ್ಲಿ ಕೂತ.

“ಇಲ್ಲ ಕಣವ್ವ. ನೀನು ಸುಳ್ಳು ಏಳ್ನಿಲ್ಲ. ಸುಳ್ಳು ಏಳಿದ್ದು ನಾನು. ನಂಗೆ ವಾಸ್ನೆ ಗೊತ್ತಾಗಲ್ಲ. ಕೊರೊನಾ ಬಂದಾಗ್ಲಿಂದ ಗೊತ್ತಾಗಲ್ಲ. ಯಾರ್ಗೂ ಏಳಿಲ್ಲ.”

ಸುನಂದಮ್ಮನ ಮುಗಿದ ಕೈ ಕೆಳಗಿಳಿಯಿತು. ಬಸವಪ್ರಸಾದ ಮೆಲ್ಲಗೆ ಎದ್ದು ನಿಂತ. ಬೈಯುತ್ತಾನೆ, ಕಾಲರ್ ಹಿಡಿಯುತ್ತಾನೆ ಎಂದು ವಿರೂಪಾಕ್ಷ ಕಾದ. ಅವನು ಅದೊಂದನ್ನೂ ಮಾಡಲಿಲ್ಲ. ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು, ಕಟ್ಟಿದ ಗಂಟಲಿನಲ್ಲಿ ಕೇಳಿದ:

“ಅಂಗಾದ್ರೆ ಮೂರೊರ್ಸದಿಂದ ನೀವು ನೋಡಿರೋ ಮಿಕ್ಕಿದ್ ಗಾಡಿಗಳು?”

ಮಂಗಳಗೌರಿ ಕಾಫಿ ತಂದುಕೊಟ್ಟ ಗಾಡಿಗಳ ಬಗ್ಗೆ ಹೆದರಿಕೆಯಿರಲಿಲ್ಲ. ಅವಳು ಇಲ್ಲದ ದಿನದ ಗಾಡಿಗಳು? ಹುಣಸೂರಿನ ಮೇಷ್ಟರ ಕಾರು. ಕೆ.ಆರ್. ನಗರದ ಬಳೆ ಅಂಗಡಿಯವರದ್ದು. ಆಮೇಲೆ ಎಚ್.ಡಿ. ಕೋಟೆಯ ಮಂಟಯ್ಯನ ಪೆಟ್ರೋಲ್ ವ್ಯಾನು. ಹೋದ ತಿಂಗಳು ಅವನು ಬಂದ ದಿನ ಮಂಗಳಗೌರಿ ಜ್ವರದಲ್ಲಿ ಮಲಗಿದ್ದಳು. ಟ್ಯಾಂಕಿನ ಪೈಪನ್ನು ಬರೀ ಬೆರಳಿನಿಂದ ತಡವಿ ಕಳಿಸಿದ್ದ. ಕಾಕನಕೋಟೆಯ ಕಡೆಯ ಗಿರಿಜನರ ಹಾಡಿಗಳಿಂದ ಹದಿನಾಲ್ಕು ಮಕ್ಕಳನ್ನು ತುಂಬಿಕೊಂಡು ಅಂತರಸಂತೆಯ ಶಾಲೆಗೆ ಓಡಾಡುವ ವ್ಯಾನು ಅದು.

ವಿರೂಪಾಕ್ಷ ಕೆಸರು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಫೋನು ತೆಗೆದ. ನಂಬರು ಒತ್ತುವಾಗ ಎರಡು ಸಲ ತಪ್ಪಿತು. ಆ ಕಡೆಯಿಂದ ಮಂಟಯ್ಯನ ದನಿ ಬಂತು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

“ಮಂಟಯ್ಯ, ನಾನು ಕಂಪಲಾಪುರದ ವಿರೂಪಾಕ್ಷ. ಗಾಡಿ ಆಫ್ ಮಾಡು. ಮೊದ್ಲು ಮಕ್ಕಳನ್ನ ಕೆಳಕ್ಕೆ ಇಳಿಸು... ಏಳ್ತೀನಿ ಕಣಪ್ಪ, ಯಾಕೆ ಅಂತ ಏಳ್ತೀನಿ. ಮೊದ್ಲು ಇಳಿಸು.”